ಸದನ ಸಮಿತಿಗಳೂ ಬೆಂಗಳೂರಿನ ಹೊರವಲಯವೂ

ಬೆಂಗಳೂರಿನ ಸುತ್ತುಮುತ್ತಣ ಭೂಮಿಯ ವಿಷಯದಲ್ಲಿ ನಮ್ಮ ಶಾಸನ ಸಭೆಯು ಕಣ್ಣು ಮುಚ್ಚಿಕೊಂಡು ಕುಳಿತಿದೆಯೆಂದು ಕೆಲವರು ಆಡಿಕೊಳ್ಳುವುದುಂಟು. ಈ ಆಕ್ಷೇಪಣೆಯು ನ್ಯಾಯವಾದುದಲ್ಲ. ಸಭೆಯು ನೋಡತಕ್ಕದ್ದನ್ನೆಲ್ಲ ನೋಡಿದೆ. ನೋಡಿದುದನ್ನು ಲೆಕ್ಕಪತ್ರ ಸಹಿತವಾಗಿ ಬರೆಯಿಸಿ, ಮುದ್ರಿಸಿ, ತನ್ನ ಮೇಜಿನ ಮೇಲೆ ತಾನೇ ಇರಿಸಿಕೊಂಡಿದೆ. ಪೀಣ್ಯದಿಂದ ಹಿಡಿದು ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿಗಳವರೆಗೆ ಊರಿನ ಸುತ್ತ ಹಬ್ಬಿರುವ ಕೈಗಾರಿಕಾ ಪ್ರದೇಶದಲ್ಲಿ ಯಾವ ಕೆರೆ ಯಾರ ಪಾಲಾಯಿತು, ಯಾವ ಗೋಮಾಳದಲ್ಲಿ ಯಾರ ಮಹಡಿ ಎದ್ದಿತು ಎಂಬುದನ್ನು ತಿಳಿಯಬೇಕಾದವರು ವಿಧಾನ ಸೌಧದ ಪುಸ್ತಕ ಭಂಡಾರಕ್ಕೆ ಹೋದರೆ ಸಾಕು. ಮೇಜಿನ ಮೇಲಿಟ್ಟ ಈ ವರದಿಗಳು ಆಮೇಲೆ ಏನಾಗುತ್ತವೆಯೆಂಬ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ.

ಮೊದಲನೆಯದಾಗಿ, ಆಗ ಅರಕಲಗೂಡಿನ ಶಾಸಕರಾಗಿದ್ದ ಶ್ರೀ ಎ. ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯಲ್ಲಿ ನಡೆದ ಜಂಟಿ ಸದನ ಸಮಿತಿಯ ಕೆಲಸ. ಈ ಸಮಿತಿಯು 2007ನೆಯ ಇಸವಿಯಲ್ಲಿ ತನ್ನ ವರದಿಗಳನ್ನು ಒಪ್ಪಿಸಿತು. ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ 27,336 ಎಕರೆಗಳಷ್ಟು ಸರಕಾರೀ ಭೂಮಿಯು ಒತ್ತುವರಿಯಾಗಿದೆಯೆಂದು ಅದು ಲೆಕ್ಕ ಕಟ್ಟಿತು. ಕೆರೆಯಂಗಳ, ಗೋಮಾಳ, ಗುಂಡುತೋಪು, ಸ್ಮಶಾನ, ಹಳ್ಳ, ರಾಜಕಾಲುವೆ ಎಂಬ ಭೇದವಿಲ್ಲದೆ ಎಲ್ಲವೂ ಆ ಪಟ್ಟಿಯಲ್ಲಿ ಸೇರಿದ್ದುವು. ಸದಸ್ಯರು ಕಚೇರಿಯಲ್ಲಿ ಕುಳಿತು ಕಡತ ತಿರುವಿದ್ದಕ್ಕೆ ತೃಪ್ತಿಪಡದೆ ಸ್ಥಳಗಳಿಗೆ ಹೋದರು; ಅಧಿಕಾರಿಗಳನ್ನು ಎದುರಿಗೆ ನಿಲ್ಲಿಸಿ ಸರ್ವೆ ನಂಬರು ಹಿಡಿದು ಪ್ರಶ್ನೆ ಕೇಳಿದರು. ಒಳಗಿನವರ ಕೈವಾಡವಿಲ್ಲದೆ ಇಷ್ಟು ಭೂಮಿಯು ಕೈಬಿಡಲಾರದೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಸದನದ ಸಮಿತಿಯೊಂದು ಹೇಗೆ ಕೆಲಸ ಮಾಡಬೇಕೆಂಬುದಕ್ಕೆ ಇದು ಮಾದರಿಯೆಂದು ಹೇಳಲು ನಮಗೆ ಸಂಕೋಚವಿಲ್ಲ.

ಇದರ ಫಲವೇನು? ಭೂಕಬಳಿಕೆಯನ್ನು ನಿಷೇಧಿಸುವ ಕಾಯಿದೆಯೊಂದನ್ನು ಸದನವು 2011ರಲ್ಲಿ ಅಂಗೀಕರಿಸಿತು. ಅದಕ್ಕೆ ರಾಷ್ಟ್ರಪತಿಗಳ ಸಮ್ಮತಿಯು ದೊರೆತದ್ದು 2014ರಲ್ಲಿ. ಆ ಕಾಯಿದೆಯ ಮೇರೆಗೆ ವಿಶೇಷ ನ್ಯಾಯಾಲಯವು ಕೆಲಸಕ್ಕೆ ತೊಡಗಿದ್ದು 2016ರಲ್ಲಿ. ನಡುವೆ, ಶ್ರೀ ವಿ. ಬಾಲಸುಬ್ರಮಣಿಯನ್ ಅವರ ನೇತೃತ್ವದ ಕಾರ್ಯಪಡೆಯೊಂದು 2009ರಲ್ಲಿ ನೇಮಕವಾಗಿ, 2011ರಲ್ಲಿ ತಾನೂ ಒಂದು ವರದಿಯನ್ನು ಕೊಟ್ಟು ಮುಗಿಯಿತು. ಸಮಿತಿಯು ಕಳ್ಳನನ್ನು ತೋರಿಸಿದ ದಿನಕ್ಕೂ ಕಳ್ಳನನ್ನು ವಿಚಾರಿಸುವ ಚಾವಡಿಯ ಬಾಗಿಲು ತೆರೆದ ದಿನಕ್ಕೂ ನಡುವೆ ಒಂಬತ್ತು ವರ್ಷಗಳು. ಒಂಬತ್ತು ವರ್ಷಗಳಲ್ಲಿ ವೈಟ್‌ಫೀಲ್ಡಿನ ಕಡೆ ಒಂದು ಎಕರೆಯು ಎಷ್ಟು ಕೈ ಬದಲಾಯಿಸುತ್ತದೆಯೆಂಬುದನ್ನು ನೋಂದಣಿ ಕಚೇರಿಯ ಗುಮಾಸ್ತರು ನಮಗಿಂತ ಚೆನ್ನಾಗಿ ಬಲ್ಲರು.

ಎರಡನೆಯದು, ಶ್ರೀ ಕೆ. ಬಿ. ಕೋಳಿವಾಡರ ಅಧ್ಯಕ್ಷತೆಯ ಕೆರೆ ಒತ್ತುವರಿ ಸದನ ಸಮಿತಿ. 2014ರಲ್ಲಿ ರಚಿತವಾಗಿ 2017ರಲ್ಲಿ ವರದಿಯನ್ನು ಮಂಡಿಸಿದ ಈ ಸಮಿತಿಯು, ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆರೆಗಳಲ್ಲಿ ಹತ್ತು ಸಾವಿರ ಎಕರೆಗೂ ಮಿಕ್ಕ ನೆಲವು ಪರರ ಪಾಲಾಗಿರುವುದನ್ನು ಕಂಡಿತು. ಒತ್ತುವರಿದಾರರಲ್ಲಿ ಖಾಸಗಿಯವರು ಮಾತ್ರವಲ್ಲದೆ ಸರಕಾರದ ಸಂಸ್ಥೆಗಳೂ ಇದ್ದುದು ಇದರ ವಿಶೇಷ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸು ನಿಲ್ದಾಣವನ್ನೂ ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವನ್ನೂ ಕಟ್ಟಿಸಿದವರು ಯಾವ ಬಡ ರೈತರೂ ಅಲ್ಲ. ಬೇಲಿಯೇ ಎದ್ದು ಹೊಲವನ್ನು ಮೇಯ್ದ ಊರಿನಲ್ಲಿ ದನಗಳಿಗೆ ಬುದ್ಧಿ ಹೇಳುವುದು ಕಷ್ಟ.

ಮೂರನೆಯದು, ಸಮಿತಿಯ ವರದಿಯಲ್ಲದಿದ್ದರೂ ಸದನಕ್ಕೆಂದೇ ಸಿದ್ಧವಾದದ್ದು: ಬೆಂಗಳೂರಿನ ಮಳೆನೀರಿನ ನಿರ್ವಹಣೆಯನ್ನು ಕುರಿತು ಲೆಕ್ಕ ನಿಯಂತ್ರಕರೂ ಮಹಾಲೆಕ್ಕ ಪರಿಶೋಧಕರೂ ಆದವರು ಕೊಟ್ಟು, 2021ರ ಸೆಪ್ಟೆಂಬರಿನಲ್ಲಿ ಮಂಡಿತವಾದ ವರದಿ. ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113 ಕಿಲೋಮೀಟರುಗಳಷ್ಟಿದ್ದ ಕಾಲುವೆಗಳು 2016-17ರ ಹೊತ್ತಿಗೆ 63 ಕಿಲೋಮೀಟರುಗಳಿಗೆ ಇಳಿದುವೆಂದೂ, ವೃಷಭಾವತಿ ಕಣಿವೆಯಲ್ಲಿ 226 ಕಿಲೋಮೀಟರುಗಳಷ್ಟಿದ್ದುವು ಸುಮಾರು 111ಕ್ಕೆ ಇಳಿದುವೆಂದೂ ಅದರಲ್ಲಿ ಹೇಳಿದೆ. ಅಂಕೆಗಳನ್ನು ಓದಿ ಬದಿಗಿಡುವ ಮುನ್ನ ವಾಚಕರು ಇದರ ಅರ್ಥವನ್ನು ಸ್ವಲ್ಪ ಆಲೋಚಿಸಬೇಕು. ಬೆಂಗಳೂರಿಗೆ ನದಿಯಿಲ್ಲ. ದಿಣ್ಣೆಯ ಮೇಲೆ ಕುಳಿತ ಈ ಊರಿನಲ್ಲಿ ಬಿದ್ದ ಮಳೆಯು ಒಂದು ಕೆರೆಯಲ್ಲಿ ನಿಂತು, ತುಂಬಿ, ಕೋಡಿ ಬಿದ್ದು, ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುವಂತೆ ನಮ್ಮ ಹಿರಿಯರು ಏರ್ಪಡಿಸಿದ್ದರು. ಅಗರದಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ. ಇದೇ ವೈಟ್‌ಫೀಲ್ಡಿನ ಕಡೆಯ ನೀರಿನ ದಾರಿ. ಪೀಣ್ಯದ ಕಡೆಯದು ವೃಷಭಾವತಿಗೆ ಇಳಿಯುತ್ತದೆ. ಕಾಲುವೆಯು ಅರ್ಧ ಮಾಯವಾದರೆ ಮಳೆಯು ಅರ್ಧವಾಗುವುದಿಲ್ಲ. ಅದು ತನ್ನ ಹಳೆಯ ದಾರಿಯನ್ನು ಮರೆಯದೆ ಬರುತ್ತದೆ. ಆ ದಾರಿಯಲ್ಲಿ ಯಾರ ಮನೆ ಇದ್ದರೂ ಒಳಹೊಗುತ್ತದೆ.

ವರದಿಯು ಮಂಡಿತವಾಗಿ ವರ್ಷ ತುಂಬುವುದರೊಳಗೆ, 2022ರ ಆಗಸ್ಟು ಸೆಪ್ಟೆಂಬರುಗಳಲ್ಲಿ, ಮಳೆಯು ಬಂದು ಇದನ್ನು ಪ್ರಮಾಣಪಡಿಸಿತು. ಹೊರ ವರ್ತುಲ ರಸ್ತೆಯೂ ಸರ್ಜಾಪುರ ರಸ್ತೆಯೂ ಯಮಲೂರೂ ನೀರಿನಲ್ಲಿ ನಿಂತುವು. ಲೋಕಪ್ರಸಿದ್ಧ ಕಂಪೆನಿಗಳ ನೌಕರರು ಟ್ರ್ಯಾಕ್ಟರಿನ ಮೇಲೆ ಕುಳಿತು ಕೆಲಸಕ್ಕೆ ಹೋದರು. ಕೋಟಿಗಟ್ಟಲೆ ಬೆಲೆ ತೆತ್ತ ಮನೆಗಳವರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಅದಕ್ಕೆ ಮೊದಲೇ ಬೆಳ್ಳಂದೂರು ಕೆರೆಯು 2015ರಿಂದ ಹಲವು ಸಲ ನೊರೆಗಟ್ಟಿ, ಹೊತ್ತಿ ಉರಿದು, 2018ರ ಜನವರಿಯಲ್ಲಿ ಬೆಂಕಿಯನ್ನಾರಿಸಲು ಸೈನಿಕರು ಬರಬೇಕಾಗಿದ್ದುದನ್ನು ವಾಚಕರು ಮರೆತಿರಲಾರರು. ನೀರಿಗೆ ಬೆಂಕಿ ಹತ್ತಿದ ಕಥೆಯನ್ನು ಪುರಾಣದಲ್ಲಿ ಕೇಳಿದ್ದೆವು.

ಇಷ್ಟನ್ನೂ ಬಲ್ಲ ಸದನವು ಶಾಸನ ಮಾಡುವ ವೇಳೆಗೆ ಏನು ಮಾಡಿತು? ಒಂದು ಕೈಯಿಂದ ಸಮಿತಿಯನ್ನು ರಚಿಸಿ ಅಕ್ರಮವನ್ನು ಹುಡುಕಿಸಿತು. ಇನ್ನೊಂದು ಕೈಯಿಂದ ಅಕ್ರಮವನ್ನು ಸಕ್ರಮ ಮಾಡುವ ಕಾಯಿದೆಗೆ ಒಪ್ಪಿಗೆಯಿತ್ತಿತು. ‘ಅಕ್ರಮ-ಸಕ್ರಮ’ವೆಂದೇ ಜನಜನಿತವಾದ ಈ ಏರ್ಪಾಡಿನಲ್ಲಿ, ವಾಸದ ಕಟ್ಟಡಗಳು ನಿಯಮವನ್ನು ಶೇಕಡ 50ರವರೆಗೆ, ವ್ಯಾಪಾರದ ಕಟ್ಟಡಗಳು ಶೇಕಡ 25ರವರೆಗೆ ಮೀರಿದ್ದರೂ ದಂಡ ತೆತ್ತು ಶುದ್ಧವಾಗಬಹುದೆಂದು ವಿಧಿಸಲಾಯಿತು. ಅರ್ಧದಷ್ಟು ಮೀರಿದರೂ ತಪ್ಪಲ್ಲವೆಂದ ಮೇಲೆ ನಿಯಮವೆಂಬುದು ಯಾವುದೋ ನಮಗೆ ತಿಳಿಯದು. 2014ರಲ್ಲಿ ನಿಯಮಗಳು ಹೊರಟುವು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಇದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆಯನ್ನಿತ್ತಿತು.

ಸಕ್ರಮ ಬೇಡವೆಂದು ಹೇಳುವುದು ಸುಲಭ. ಆದರೆ ಆ ಅಕ್ರಮ ಮನೆಯಲ್ಲಿರತಕ್ಕವನು ಯಾರೆಂಬುದನ್ನೂ ನೋಡಬೇಕು. ಅವನು ಬಹುಮಟ್ಟಿಗೆ ಸಣ್ಣ ಸಂಬಳದ ಗೃಹಸ್ಥ. ಅಭಿವೃದ್ಧಿ ಪ್ರಾಧಿಕಾರದ ನಿವೇಶನಕ್ಕೆ ಅರ್ಜಿ ಹಾಕಿ ಹಾಕಿ ಬೇಸತ್ತು, ಹೆಂಡತಿಯ ಒಡವೆ ಮಾರಿ, ಕೃಷಿಭೂಮಿಯನ್ನು ಗೆರೆಯೆಳೆದು ಹಂಚಿದ ‘ರೆವಿನ್ಯೂ ಸೈಟಿ’ನಲ್ಲಿ 30 ಅಡಿ 40 ಅಡಿಯ ತುಂಡೊಂದನ್ನು ಕೊಂಡವನು. ಸರಕಾರವು ಅವನಿಂದ ಮುದ್ರಾಂಕ ಶುಲ್ಕವನ್ನು ತೆಗೆದುಕೊಂಡು ಕ್ರಯಪತ್ರವನ್ನು ನೋಂದಾಯಿಸಿತು. ನಗರಪಾಲಿಕೆಯು ‘ಬಿ’ ಖಾತೆಯೆಂಬ ವಿಚಿತ್ರವಾದ ಪುಸ್ತಕದಲ್ಲಿ ಅವನ ಹೆಸರನ್ನು ಬರೆದುಕೊಂಡು ತೆರಿಗೆಯನ್ನು ವಸೂಲು ಮಾಡಿತು. ಕರೆಂಟೂ ಬಂದಿತು. ಇವರೆಲ್ಲರೂ ತಮ್ಮ ತಮ್ಮ ಪಾಲನ್ನು ಪಡೆದುಕೊಂಡ ಬಳಿಕ, ಒಂದು ಬೆಳಗ್ಗೆ ಯಂತ್ರವು ಬಂದು ನಿಲ್ಲುತ್ತದೆ. 2016ರ ಆಗಸ್ಟಿನಲ್ಲಿ ಬೊಮ್ಮನಹಳ್ಳಿಯ ಕಡೆ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆಯ ಮೇಲಿರುವುವೆಂದು ಮನೆಗಳನ್ನು ಕೆಡವಿದಾಗ, ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಿಂತವರು ಇಂಥವರೇ. ನಕಾಶೆಯಲ್ಲಿ ಕಾಲುವೆಯಿದ್ದುದು ನಿಜ. ಆ ನಕಾಶೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಅದೇ ನೆಲದ ಮಾರಾಟಕ್ಕೆ ಮೊಹರು ಒತ್ತಿದವರು ಸರಕಾರದವರೇ ಎಂಬುದೂ ಅಷ್ಟೇ ನಿಜ.

ಕೂಲಿಕಾರನ ಪಾಡು ಇದಕ್ಕಿಂತ ಕನಿಷ್ಠ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಬಂದ ಕೂಲಿಕಾರರ ಜೋಪಡಿಗಳನ್ನು ಕೆಡವಲಾಯಿತು. ಹೈಕೋರ್ಟು ನಡುವೆ ಪ್ರವೇಶಿಸಿ ಈ ಕ್ರಮವನ್ನು ಖಂಡಿಸಬೇಕಾಯಿತು. ಇಲ್ಲಿ ಸಮಿತಿಯೂ ಬೇಕಾಗಲಿಲ್ಲ, ಒಂಬತ್ತು ವರ್ಷಗಳ ಕಾಲಾವಕಾಶವೂ ಬೇಕಾಗಲಿಲ್ಲ.

ಈಗ ಮೂಲಕ್ಕೆ ಬರೋಣ. ಒತ್ತುವರಿಯಾದ ಮೇಲೆ ಎಕರೆಗಳನ್ನು ಎಣಿಸುವುದೆಂದರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದಂತೆ. ಸದನದ ಪರೀಕ್ಷೆಯು ನಡೆಯತಕ್ಕದ್ದು ಯೋಜನೆಯನ್ನು ಮಾಡುವ ಸಮಯದಲ್ಲಿ. ಆದರೆ ಬೆಂಗಳೂರಿನ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನು, ಶಾಸನ ಸಭೆಯ ಮುಂದೆ ಮತಕ್ಕಾಗಿ ಬರುವುದೇ ಇಲ್ಲ. 1961ನೆಯ ಇಸವಿಯ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಯೋಜನಾ ಪ್ರಾಧಿಕಾರವು ಅದನ್ನು ತಯಾರಿಸುತ್ತದೆ, ಸರಕಾರವು ಮಂಜೂರು ಮಾಡುತ್ತದೆ, ಅಲ್ಲಿಗೆ ಮುಗಿಯಿತು. ಸಾವಿರದ ಇನ್ನೂರು ಚದರ ಕಿಲೋಮೀಟರಿಗೂ ಮಿಕ್ಕ ನೆಲದಲ್ಲಿ ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ತೋಪು ಎಂದು ವಿಧಿಸುವ ಶಾಸನಕ್ಕೆ, ಇಲಾಖೆಯೊಂದರ ಸಣ್ಣ ಖರ್ಚಿಗೆ ಸಲ್ಲುವಷ್ಟು ಪರಿಶೀಲನೆಯೂ ಸದನದಲ್ಲಿ ಸಲ್ಲುವುದಿಲ್ಲ.

ಆ ಯೋಜನೆಯ ಚರಿತ್ರೆಯಾದರೂ ಎಂಥದು! ಹತ್ತು ವರ್ಷಗಳಿಗೊಮ್ಮೆಯಾದರೂ ಅದನ್ನು ಪರಿಷ್ಕರಿಸತಕ್ಕದ್ದೆಂದು ಕಾಯಿದೆಯೇ ಹೇಳುತ್ತದೆ. ‘2015’ ಎಂಬ ಹೆಸರಿನ ಮಹಾಯೋಜನೆಯು ಮಂಜೂರಾದದ್ದು 2007ರಲ್ಲಿ. ‘2031’ಕ್ಕೆಂದು ಮಾಡಿದ ಕರಡು 2017ರಲ್ಲಿ ಪ್ರಕಟವಾಗಿ, ಸಾವಿರಾರು ಆಕ್ಷೇಪಣೆಗಳನ್ನು ಪಡೆದು, ಕಡೆಗೆ ಕೈಬಿಡಲ್ಪಟ್ಟಿತು. ಹೀಗಾಗಿ, ಹೆಸರಿನಲ್ಲಿಯೇ ಅವಧಿ ಮುಗಿದ ಯೋಜನೆಯನ್ನು ಹಿಡಿದುಕೊಂಡು ಊರು ವರ್ಷಾನುಗಟ್ಟಲೆ ಬೆಳೆಯಿತು. ಈ ಕಾಗದದ ಬಲವೆಷ್ಟೆಂಬುದು ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಣ ಕಟ್ಟಡಗಳ ವ್ಯಾಜ್ಯದಲ್ಲಿ ತಿಳಿದುಬಂದಿತು. ಹಸಿರು ನ್ಯಾಯಮಂಡಲಿಯು 2016ರ ಮೇ ತಿಂಗಳಿನಲ್ಲಿ ಕೆರೆಯ ಸುತ್ತ 75 ಮೀಟರುಗಳನ್ನು ಕಟ್ಟಡವಿಲ್ಲದೆ ಬಿಡತಕ್ಕದ್ದೆಂದಿತು. ಮಹಾಯೋಜನೆಯು ಹೇಳಿದ್ದುದು 30 ಮೀಟರು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಕಾಯಿದೆಯ ಮೇರೆಗೆ ಆದ ಯೋಜನೆಯನ್ನು ನ್ಯಾಯಮಂಡಲಿಯು ಬದಲಿಸಲಾಗದೆಂದು ಆ ಅಪ್ಪಣೆಯನ್ನು ರದ್ದುಪಡಿಸಿತು. ತೀರ್ಪನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಅದರ ಭಾವವೇನೆಂದರೆ, ಕೆರೆಯನ್ನು ಕಾಯಬೇಕಾದರೆ ಯೋಜನೆ ಮಾಡುವವರೂ ಶಾಸನ ಮಾಡುವವರೂ ಕಾಯಬೇಕು. ನ್ಯಾಯಾಸ್ಥಾನವು ಬಂದು ಕಾಯಲಾರದು. ಅಂಥ ಶಾಸನಕರ್ತರು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ್ದಾದರೂ, ಕೆರೆಯ ವಿಸ್ತೀರ್ಣವನ್ನನುಸರಿಸಿ ಆ ಅಂಚನ್ನು ಇನ್ನಷ್ಟು ಕಿರಿದು ಮಾಡುವ ತಿದ್ದುಪಡಿಯನ್ನು!

ಹೊರವಲಯದಲ್ಲಿ ಮತ್ತೊಂದು ತೊಡಕುಂಟು. ಅಲ್ಲಿ ಭೂಮಿಯನ್ನು ವಶಪಡಿಸಿಕೊಳ್ಳುವುದು 1966ನೆಯ ಇಸವಿಯ ಕಾಯಿದೆಯಿಂದ ಹುಟ್ಟಿದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿ. ಕಾರ್ಖಾನೆಗೆ ಎಷ್ಟು ಎಕರೆ ಬೇಕೆಂಬುದು ಅದರ ಲೆಕ್ಕ. ಕಾರ್ಖಾನೆಯಲ್ಲಿ ದುಡಿಯತಕ್ಕವರು ರಾತ್ರಿ ಎಲ್ಲಿ ಮಲಗಬೇಕೆಂಬ ಲೆಕ್ಕವು ಯಾರ ಕಡತದಲ್ಲಿಯೂ ಸೇರಿಲ್ಲ. ಆದುದರಿಂದಲೇ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಲಗ್ಗೆರೆ, ಹೆಗ್ಗನಹಳ್ಳಿಗಳ ಒಂಟಿ ಕೋಣೆಯ ವಠಾರಗಳಲ್ಲಿ ನಲ್ಲಿಗೆ ಸರದಿ ನಿಲ್ಲುತ್ತಾರೆ. ಇನ್ನು ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ಕೈಗಾರಿಕಾ ಪಟ್ಟಣ ಪ್ರಾಧಿಕಾರವಾಯಿತು. ಇಂಥ ಪಟ್ಟಣಕ್ಕೆ ಚುನಾಯಿತ ಪುರಸಭೆಯು ಬೇಡವೆಂದು ರಾಜ್ಯಾಂಗವೇ ಅವಕಾಶವಿತ್ತಿದೆ. ಅಲ್ಲಿಯ ರಸ್ತೆ, ದೀಪ, ಚರಂಡಿಗಳು ಅಚ್ಚುಕಟ್ಟಾಗಿವೆಯೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ಗೋಡೆಯಾಚೆಯ ದೊಡ್ಡತೋಗೂರಿನವನಿಗೆ ಆ ಅಚ್ಚುಕಟ್ಟಿನಲ್ಲಿ ಪಾಲೂ ಇಲ್ಲ, ಮಾತೂ ಇಲ್ಲ. ಬೆಂಗಳೂರಿನ ಮಹಾನಗರ ಪಾಲಿಕೆಗಾದರೂ ಚುನಾಯಿತ ಸದಸ್ಯರಿದ್ದರೆಂದರೆ, ಅವರ ಅವಧಿಯು 2020ರ ಸೆಪ್ಟೆಂಬರಿಗೆ ತೀರಿ, 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಐದು ಹೋಳಾಗುವವರೆಗೆ ಚುನಾವಣೆಯೇ ನಡೆಯಲಿಲ್ಲ. ಬೀದಿಯ ಪ್ರತಿನಿಧಿಯು ಇಲ್ಲದ ಕಾಲದಲ್ಲಿ ವಿಧಾನ ಸೌಧದ ಪ್ರತಿನಿಧಿಯ ಹೊಣೆಯು ಇಮ್ಮಡಿಯಾಗುತ್ತದೆ.

ಮೈಸೂರು ಪ್ರಜಾಪ್ರತಿನಿಧಿ ಸಭೆಯು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ, ಮೊದಲ ಸಲ ನೆರೆಯಿತು. ಮರುವರ್ಷವೇ ಚಾಮರಾಜ ಒಡೆಯರು ಸುಮಾರು 3,900 ಎಕರೆ ನೆಲವನ್ನು ಡಿ. ಎಸ್. ವೈಟ್ ಅವರ ಆಂಗ್ಲೋ ಇಂಡಿಯನ್ ಸಂಘಕ್ಕೆ ದಯಪಾಲಿಸಿದುದರಿಂದ ವೈಟ್‌ಫೀಲ್ಡು ಎಂಬ ಗ್ರಾಮವು ಹುಟ್ಟಿತು. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಸದಸ್ಯರು ಕೆರೆ, ದಾರಿ, ಕಂದಾಯಗಳ ವಿಷಯವಾಗಿ ಅಹವಾಲನ್ನು ಹೇಳಿಕೊಳ್ಳಬಹುದಿತ್ತು, ದಿವಾನರು ಉತ್ತರ ಕೊಡುತ್ತಿದ್ದರು. ಇಂದಿನ ಸಭೆಗೆ ಸಕಲ ಅಧಿಕಾರವೂ ಇದೆ. ಉತ್ತರವನ್ನು ಪಡೆಯುವ ಹಟವು ಮಾತ್ರ ಕಡಿಮೆ. ಲೋಕಸಭೆಯ ಇಲಾಖಾವಾರು ಸ್ಥಾಯೀ ಸಮಿತಿಗಳು ವರದಿ ಕೊಟ್ಟರೆ, ಮೂರು ತಿಂಗಳೊಳಗಾಗಿ ಏನು ಕ್ರಮ ಕೈಗೊಂಡಿತೆಂದು ಸರಕಾರವು ತಿಳಿಸತಕ್ಕದ್ದು. ಆ ಉತ್ತರವನ್ನು ಸಮಿತಿಯು ಮತ್ತೆ ಪರೀಕ್ಷಿಸಿ ಇನ್ನೊಂದು ವರದಿಯನ್ನು ಕೊಡುತ್ತದೆ. ಮಸೂದೆಗಳ ವಿಷಯದಲ್ಲಿಯೂ ಹಾಗೆಯೇ. ಮನೆ ಕೊಳ್ಳುವವರ ರಕ್ಷಣೆಗೆಂದು 2013ರಲ್ಲಿ ತಂದ ಸ್ಥಿರಾಸ್ತಿ ಮಸೂದೆಯು ಸ್ಥಾಯೀ ಸಮಿತಿಗೂ, ಬಳಿಕ 2015ರಲ್ಲಿ ರಾಜ್ಯಸಭೆಯ ಆಯ್ಕೆ ಸಮಿತಿಗೂ ಹೋಗಿ, 2016ರಲ್ಲಿ ಕಾಯಿದೆಯಾಯಿತು. ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇಕಡ 70ನ್ನು ಆಯಾ ಕಟ್ಟಡದ ಖಾತೆಯಲ್ಲಿಯೇ ಇಡತಕ್ಕದ್ದೆಂಬ ವಿಧಿಯು ಇಂದು ಬೆಂಗಳೂರಿನ ಎಷ್ಟೋ ಕುಟುಂಬಗಳಿಗೆ ಆಸರೆಯಾಗಿದೆ.

ನಮ್ಮಲ್ಲಿಯೂ ಅಂಥ ನಿದರ್ಶನವಿಲ್ಲದಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯು 2024ರ ಜುಲೈಯಲ್ಲಿ ಬಂದಾಗ ಸದನವು ಅದನ್ನು ಶ್ರೀ ರಿಜ್ವಾನ್ ಅರ್ಷದ್ ಅವರ ಅಧ್ಯಕ್ಷತೆಯ ಜಂಟಿ ಸಮಿತಿಗೆ ಒಪ್ಪಿಸಿತು. ಸಮಿತಿಯು ಪೌರರನ್ನು ಕರೆದು ಅವರ ಅಭಿಪ್ರಾಯವನ್ನು ಕೇಳಿ, 2025ರ ಫೆಬ್ರವರಿಯಲ್ಲಿ ವರದಿಯನ್ನು ಕೊಟ್ಟಿತು. ಮೇ 15ರಂದು ಕಾಯಿದೆಯು ಜಾರಿಗೆ ಬಂದಿತು. ಕಾಯಿದೆಯು ನಮಗೆ ಪೂರ್ಣ ಸಮ್ಮತವೆಂದಲ್ಲ. ಯೋಜನೆಯನ್ನು ಮಾಡುವ ಅಧಿಕಾರವು ಮುಖ್ಯಮಂತ್ರಿಗಳೇ ಅಧ್ಯಕ್ಷರಾದ ಪ್ರಾಧಿಕಾರಕ್ಕೆ ಹೋಯಿತು. ಮಹಾನಗರ ಯೋಜನಾ ಸಮಿತಿಯಲ್ಲಿ ಮೂರರಲ್ಲೆರಡು ಪಾಲು ಸದಸ್ಯರು ಸ್ಥಳೀಯ ಸಂಸ್ಥೆಗಳ ಚುನಾಯಿತರಿಂದ ಆರಿಸಲ್ಪಡಬೇಕೆಂದು 1993ರಿಂದ ರಾಜ್ಯಾಂಗವು ಹೇಳುತ್ತಿರುವ ಮಾತು ಹಿಂದೆ ಬಿದ್ದಿತು. ಆದರೂ, ಮೊದಲೇ ಕುಳಿತು ವಿಚಾರಿಸುವ ಪದ್ಧತಿಯು ಸರಿಯಾದುದು. ಅದೇ ಪದ್ಧತಿಯು ಮುಂದಿನ ಮಹಾಯೋಜನೆಗೂ ಅನ್ವಯಿಸಬೇಕೆಂದು ನಾವು ಕೇಳುತ್ತೇವೆ.

ಮಹದೇವಪುರ, ಕೃಷ್ಣರಾಜಪುರ, ದಾಸರಹಳ್ಳಿ, ಬೊಮ್ಮನಹಳ್ಳಿ, ಆನೇಕಲ್ಲು ಕ್ಷೇತ್ರಗಳ ಮಾನ್ಯ ಸದಸ್ಯರು ಯಾವ ಪಕ್ಷದವರೇ ಆಗಿರಲಿ, ಮುಂದಿನ ಅಧಿವೇಶನದಲ್ಲಿ ಕೂಡಿ ಎದ್ದು ನಿಂತು ಕೇಳಬಹುದಾದ ಪ್ರಶ್ನೆಗಳು ಹೆಚ್ಚೇನೂ ಇಲ್ಲ. ರಾಮಸ್ವಾಮಿ ಸಮಿತಿಯು ಎಣಿಸಿದ 27,336 ಎಕರೆಗಳಲ್ಲಿ ಎಷ್ಟು ಸರಕಾರಕ್ಕೆ ಹಿಂದಿರುಗಿದುವು, ಯಾವ ಯಾವ ಸರ್ವೆ ನಂಬರಿನಲ್ಲಿ? ಹಿಂದಿರುಗಿದ ನೆಲವು ಈಗಲೂ ಸರಕಾರದ ಬಳಿ ಇದೆಯೇ? ಕೋಳಿವಾಡ ಸಮಿತಿಯು ಹೆಸರಿಸಿದ ಸರಕಾರೀ ಸಂಸ್ಥೆಗಳು ಕೆರೆಗೆ ಏನನ್ನು ಬಿಟ್ಟುಕೊಟ್ಟುವು? ಒತ್ತುವರಿಯಾದ ನೆಲದ ಕ್ರಯಪತ್ರಕ್ಕೆ ಮೊಹರು ಒತ್ತಿದ ಅಧಿಕಾರಿಗಳಲ್ಲಿ ಎಷ್ಟು ಮಂದಿಗೆ ಶಿಕ್ಷೆಯಾಯಿತು, ಎಷ್ಟು ಮಂದಿ ಪೂರ್ಣ ಪಿಂಚಣಿಯೊಡನೆ ನಿವೃತ್ತರಾದರು? ಮುಂದಿನ ಮಹಾಯೋಜನೆಯ ಕರಡು ಮಂಜೂರಾಗುವ ಮುನ್ನ ಸದನದ ಸಮಿತಿಯ ಮುಂದೆ ಬರುವುದೋ ಇಲ್ಲವೋ? ಬರುವುದಾದರೆ, ಕಾರ್ಖಾನೆಗೆ ಒಂದು ಬಣ್ಣ, ಬಂಗಲೆಗೆ ಒಂದು ಬಣ್ಣ ತುಂಬುವ ಆ ನಕ್ಷೆಯಲ್ಲಿ ಲಗ್ಗೆರೆಯ ವಠಾರದ ಹೆಣ್ಣುಮಗಳಿಗೆ ಒಂದು ಮನೆಯ ಜಾಗವನ್ನು ಎಲ್ಲಿ ಗುರುತಿಸಿದ್ದಾರೆ?